ಅತ್ತೆ ಹೇಳಿದ ಐದು ವರ್ಷ

ಕುಮಟಾದಲ್ಲಿ ತಾಲೂಕು ಕಚೇರಿಯ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಹನ್ನೊಂದು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದೇನೆ. ರೇಶನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿ, ಗದ್ದೆಯ ಗಡಿಯ ತಕರಾರು, ನಿಂತುಹೋದ ವಿಧವಾ ವೇತನ, ಎಲ್ಲವೂ ನನ್ನ ಬೆರಳು ದಾಟಿಯೇ ಸಾಹೇಬರ ಮೇಜಿಗೆ ಹೋಗಬೇಕು. ಎದುರಿನ ಸ್ಟೂಲಿನ ಮೇಲೆ ಕೂತು ಜನ ಅರ್ಧ ಗಂಟೆ ಅಳುತ್ತಾ ಹೇಳುತ್ತಾರೆ. ಅದನ್ನು ನಾನು ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿ ಒಂದು ಪುಟಕ್ಕೆ ಇಳಿಸುತ್ತೇನೆ. ಅಷ್ಟು ಜನರ ಕಷ್ಟ ಬರೆದವಳಿಗೆ ನನ್ನದನ್ನು ಬರೆಯಲು ಒಂದು ವರ್ಷ ಬೇಕಾಯಿತು.

ಈಗಲೂ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಆ ಸ್ಟೂಲಿನ ಮೇಲೆ ಒಬ್ಬಳು ಹೆಂಗಸು ಬಂದು ಕೂತಳು. ಕೈಯಲ್ಲಿ ಆಸ್ಪತ್ರೆಯ ಫೈಲು. ವಿಮಾ ಕಂಪನಿ ದುಡ್ಡು ಕೊಡುವುದಿಲ್ಲ ಎಂದಿದೆ, ಎಂತ ಬರೆಯಬೇಕು ಗೊತ್ತಿಲ್ಲ ಎಂದಳು. ಅವಳ ಮುಖ ನೋಡಿ ನನಗೆ ನನ್ನ ಮುಖವೇ ಕಂಡಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನನಗೆ ನೋವು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಅಂಗಡಿಯಲ್ಲಿ. ಮನೆಯಲ್ಲಿ ಎರಡು ದೋಸೆ ತಿಂದು, ಮಗಳನ್ನು ಶಾಲೆಗೆ ಕಳಿಸಿ, ಹೊಳನಗದ್ದೆಯಿಂದ ಬಸ್ಸಿನಲ್ಲಿ ಬಂದು ಕೂತಿದ್ದೆ. ಒಬ್ಬ ಅಜ್ಜನ ಅರ್ಜಿ ಅರ್ಧ ಆಗಿತ್ತು. ಎದೆಯ ಕೆಳಗೆ ಯಾರೋ ಬೈರಿಗೆ ಹಾಕಿ ಬೆನ್ನಿನವರೆಗೆ ತಿರುವಿದ ಹಾಗಾಯಿತು. ಗ್ಯಾಸ್ ಇರಬೇಕು ಎಂದುಕೊಂಡು ಟೈಪ್ ಮುಂದುವರಿಸಿದೆ. ನನ್ನ ಹಠ ಅಂಥದ್ದು. ಅಜ್ಜನ ಅರ್ಜಿಯ ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಹೊಡೆದು ಪ್ರಿಂಟ್ ಕೊಟ್ಟ ಮೇಲೆಯೇ ನೆಲಕ್ಕೆ ಕೂತದ್ದು. ಆಮೇಲೆ ಏಳಲು ಆಗಲಿಲ್ಲ.

ಗಂಡ ಗಣಪತಿಗೆ ಸ್ವಂತದ ಒಂದು ಟೆಂಪೋ ಇದೆ, ಬಾಡಿಗೆಗೆ ಸಾಮಾನು ಹೊರುತ್ತಾರೆ. ಮಿರ್ಜಾನಕ್ಕೆ ಹೋಗಿದ್ದವರು ಹಾಗೇ ತಿರುಗಿ ಬಂದರು. ಪೇಟೆಯ ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡಿಸಿ, ರಕ್ತ ತೆಗೆಸಿ, ವರದಿ ಬಂದೊಡನೆ ಸ್ವರ ತಗ್ಗಿಸಿ ಗಂಡನ ಹತ್ತಿರ ಮಾತಾಡತೊಡಗಿದರು. ಡಾಕ್ಟರು ಸ್ವರ ತಗ್ಗಿಸಿದರೆ ಮಂಚದ ಮೇಲಿದ್ದವರ ಕಿವಿ ದೊಡ್ಡದಾಗುತ್ತದೆ. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ಬಂದಿದೆ, ಪ್ಯಾಂಕ್ರಿಯಾಸ್ ಊದಿಕೊಂಡಿದೆ, ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ಈಗಲೇ ದಕ್ಷಿಣಕ್ಕೆ ಹೊರಡಿ ಎಂದರು. ದಕ್ಷಿಣಕ್ಕೆ ಎಂದರೆ ಜಿಲ್ಲೆ ದಾಟಿ ದೊಡ್ಡ ಆಸ್ಪತ್ರೆಗೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ಅಂಬುಲೆನ್ಸ್ ಹೊರಡುವ ಹೊತ್ತಿಗೆ ಅತ್ತೆ ಬಂದರು. ಯಾರು ಹೇಳಿದರೋ ಗೊತ್ತಿಲ್ಲ. ಈರುಳ್ಳಿ ಗದ್ದೆಯಿಂದ ನೇರ ಬಂದಿದ್ದರು, ಹಿಮ್ಮಡಿಯಲ್ಲಿ ಮಣ್ಣು ಹಾಗೇ ಇತ್ತು. ಬನ್ನಿ ಎಂದು ಯಾರೂ ಕರೆಯಲಿಲ್ಲ. ಅವರೇ ಹತ್ತಿ ನನ್ನ ಕಾಲ ಬುಡದಲ್ಲಿ ಕೂತರು. ನನಗೆ ಅಷ್ಟು ನೋವಿನಲ್ಲೂ ಆಶ್ಚರ್ಯವಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಆ ದಾರಿ ನನಗೆ ರಸ್ತೆಯಾಗಿ ನೆನಪಿಲ್ಲ, ನೋವಾಗಿ ನೆನಪಿದೆ. ಹೊನ್ನಾವರದ ಸೇತುವೆಯ ಮೇಲೆ ಪ್ರತಿಯೊಂದು ಜೋಡಣೆಗೂ ಗಾಡಿ ಕುಪ್ಪಳಿಸಿದಾಗ ಹಲ್ಲು ಕಚ್ಚಿದೆ. ಭಟ್ಕಳದ ಪೇಟೆಯಲ್ಲಿ ಗಾಡಿ ನಿಂತಿತು, ಸೈರನ್ ಕೂಗುತ್ತಲೇ ಇತ್ತು, ಆದರೂ ಮುಂದೆ ಹೋಗಲಿಲ್ಲ. ಇಲ್ಲೇ ಸತ್ತರೆ ಇನ್ನೂ ನಮ್ಮ ಜಿಲ್ಲೆಯಲ್ಲೇ ಸತ್ತ ಹಾಗಾಯಿತು ಎಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ. ಅತ್ತೆ ನನ್ನ ಪಾದ ಹಿಡಿದುಕೊಂಡಿದ್ದರು.

ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಗಂಡನನ್ನು ಮುಂಗಡ ಕಟ್ಟಲು ಕೌಂಟರಿಗೆ ಕಳಿಸಿದರು. ನನ್ನ ಹತ್ತಿರ ಉಳಿದವರು ಅತ್ತೆ ಒಬ್ಬರೇ. ಎಳೆ ವಯಸ್ಸಿನ ಡ್ಯೂಟಿ ಡಾಕ್ಟರಮ್ಮ ಕಾಗದ ಹಿಡಿದು ಬಂದಳು. ಕನ್ನಡದವಳೇ, ಮುಖದಲ್ಲಿ ಒಳ್ಳೆಯತನವಿತ್ತು. ಹೊಟ್ಟೆನೋವು ಎಷ್ಟು ಸಮಯದಿಂದ ಎಂದು ನನ್ನನ್ನೇ ನೋಡಿ ಕೇಳಿದಳು. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು.

“ಐದು ವರ್ಷ ಆತು ಡಾಕ್ಟ್ರೆ. ಇವ್ಳಿಗೆ ಹೊಟ್ಟೆನೋವು ಹಳೇದು. ನಾನೇ ಕಷಾಯ ಮಾಡಿ ಕೊಟ್ಕಂಡು ಬಂದದ್ದು. ಒಂದು ದಿನ ತಪ್ಸಿದವಳಲ್ಲ.”

ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡಳು. ನಾನು ಕೇಳಿಸಿಕೊಂಡೆ. ಸುಳ್ಳು ಎಂದು ಗೊತ್ತಿತ್ತು. ಆದರೆ ಹೊರಗಿನವರ ಎದುರು ಅತ್ತೆಯ ಮಾತಿಗೆ ಅಡ್ಡ ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ಮನೆಯಲ್ಲಿ ಎಷ್ಟೇ ಜಗಳವಾಡಲಿ, ಹೊರಗೆ ದೊಡ್ಡವರು ಹೇಳಿದ್ದೇ ಮಾತು. ಸೊಸೆಯ ಹೊಟ್ಟೆಯ ವಿಷಯವನ್ನೂ ಅತ್ತೆಯೇ ಹೇಳಬೇಕು. ಒಂದು ಮಾತಿನಿಂದ ಎಂತ ಆಗುತ್ತದೆ ಎಂದು ಸುಮ್ಮನಾದೆ. ಮುಂದೆ ಎಷ್ಟೋ ದಿನ ಅತ್ತೆಯನ್ನು ಬೈದುಕೊಂಡೆ. ಆದರೆ ಆ ಕಾಗದದ ಮೇಲಿನ ಐದರಲ್ಲಿ ನನ್ನ ಪಾಲೂ ಇದೆ.

ಆರು ದಿನ ಐಸಿಯು. ಅಲ್ಲಿ ಹಗಲು ರಾತ್ರಿ ಒಂದೇ ಬೆಳಕು. ನೋವಿಗೆ ಸೂಜಿ ಕೊಡುತ್ತಿದ್ದರು, ಬಾಯಾರಿಕೆಗೆ ಏನೂ ಇರಲಿಲ್ಲ. ಹನಿ ನೀರೂ ಕೊಡಬಾರದು ಎಂದು ಮಂಚದ ತಲೆಗೆ ಬೋರ್ಡು ಹಾಕಿದ್ದರು. ನಮ್ಮ ಮನೆಯ ಬಾವಿ, ಕೊಡಪಾನ, ಅದರ ಹೊರಮೈಗೆ ಹತ್ತಿದ ತಂಪು, ಇಷ್ಟನ್ನೇ ಧ್ಯಾನಿಸುತ್ತಾ ಮಲಗಿರುತ್ತಿದ್ದೆ. ಪಕ್ಕದ ಮಂಚಕ್ಕೆ ಒಂದು ಸಂಜೆ ಬಿಳಿ ಚಾದರ ಎಳೆದರು. ಅದಾದ ಮೇಲೆ ಕಣ್ಣು ಮುಚ್ಚಲಿಕ್ಕೇ ಹೆದರಿಕೆಯಾಗುತ್ತಿತ್ತು.

ಏಳನೆಯ ದಿನ ಹೆಂಗಸರ ವಾರ್ಡಿಗೆ ತಂದರು. ಅಲ್ಲಿ ಪಕ್ಕದ ಮಂಚದಲ್ಲಿದ್ದ ಅಕ್ಕನನ್ನು ನೋಡಿಕೊಳ್ಳಲು ಭಟ್ಕಳದ ಖೈರುನ್ನಿಸಾ ಎಂಬವರು ಇದ್ದರು. ನಾನು ಹೊಳನಗದ್ದೆಯವಳು ಎಂದು ಗೊತ್ತಾದೊಡನೆ ನೆಂಟರು ಸಿಕ್ಕಿದ ಹಾಗೆ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು. ಊರಿನಲ್ಲಾಗಿದ್ದರೆ ಕುಮಟಾ ಎಲ್ಲಿ, ಭಟ್ಕಳ ಎಲ್ಲಿ. ಜಿಲ್ಲೆ ದಾಟಿದ ಮೇಲೆ ಎಲ್ಲರೂ ಒಂದೇ ಕೇರಿಯವರು. ನರ್ಸಿನ ಅಪ್ಪಣೆ ಪಡೆದು ಹತ್ತಿಯನ್ನು ನೀರಿನಲ್ಲಿ ಅದ್ದಿ ನನ್ನ ತುಟಿಗೆ ಒತ್ತಿದರು. ಅವತ್ತಿನ ಆ ತೇವವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅತ್ತೆ ಊರಿಗೆ ಹೋಗಲಿಲ್ಲ. ಹಗಲು ವಾರ್ಡಿನ ಹೊರಗೆ ಬೆಂಚಿನ ಮೇಲೆ, ರಾತ್ರಿ ಅದೇ ಬೆಂಚಿನ ಕೆಳಗೆ. ನೋಡಲು ಬಂದ ನೆಂಟರಿಗೆಲ್ಲ ಅದೇ ಮಾತು, ಐದು ವರ್ಷದಿಂದ ತಾನೇ ನೋಡಿಕೊಂಡದ್ದು, ಕಷಾಯ, ಪಥ್ಯ. ಬಂದವರು ‘ಇಂಥ ಅತ್ತೆ ಸಿಗೂದು ಪುಣ್ಯ’ ಎಂದು ನನಗೆ ಹೇಳಿಹೋಗುತ್ತಿದ್ದರು. ನಾನು ಮೂಗಿನ ನಳಿಕೆಯ ನೆವ ಮಾಡಿ ಸುಮ್ಮನಿರುತ್ತಿದ್ದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಡಿಸ್ಚಾರ್ಜ್ ಎಂದರು. ಸ್ವಲ್ಪ ಸುಧಾರಿಸಿದ ಮೇಲೆ ಪಿತ್ತಕೋಶ ತೆಗೆಸಲೇಬೇಕು, ಎರಡು ತಿಂಗಳಿಗಿಂತ ಮುಂದೂಡಬೇಡಿ, ಇನ್ನೊಂದು ಸಲ ಹೀಗಾದರೆ ಉಳಿಯುತ್ತೀರಿ ಎಂದು ಹೇಳಲಾರೆ ಎಂದು ದೊಡ್ಡ ಡಾಕ್ಟರು ಎಚ್ಚರಿಸಿದರು. ನಾನು ಆಸ್ಪತ್ರೆಯ ಅಂಗಿ ಕಳಚಿ ನನ್ನ ಸೀರೆ ಉಟ್ಟು ಕುರ್ಚಿಯಲ್ಲಿ ಕೂತೆ. ಮಂಚದ ಬಟ್ಟೆ ಬದಲಾಯಿತು. ಕೈಯ ಸೂಜಿಯನ್ನು ಮಾತ್ರ ತೆಗೆಯಲಿಲ್ಲ. ಬಿಲ್ ಕ್ಲಿಯರ್ ಆದ ಮೇಲೆ ತೆಗೆಯುತ್ತೇವೆ ಎಂದಳು ನರ್ಸು. ಎರಡು ವರ್ಷದ ಹಿಂದೆ ನಮ್ಮ ಅಂಗಡಿಗೆ ಜೆರಾಕ್ಸಿಗೆ ಬರುತ್ತಿದ್ದ ಏಜೆಂಟ್ ಹೆಂಗಸಿನ ಕಾಟಕ್ಕೆ ನಾನು ಆರೋಗ್ಯ ವಿಮೆ ಮಾಡಿಸಿದ್ದೆ. ಈ ದುಡ್ಡಿನಲ್ಲಿ ಟೆಂಪೋಗೆ ಹೊಸ ಟೈರು ಬರುತ್ತಿತ್ತು ಎಂದು ಗಂಡ ಆಗ ಗೇಲಿ ಮಾಡಿದ್ದರು. ಅವತ್ತು ಕುರ್ಚಿಯಲ್ಲಿ ಕೂತು ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಿದ್ದೆ.

ಬಿಲ್ ಹದಿನಾಲ್ಕು ಪುಟ, ಮೊತ್ತ ಮೂರು ಲಕ್ಷದ ಮೇಲೆ. ಟೈಪಿಂಗ್ ಮಾಡುವವಳ ಕಣ್ಣು, ಸಾಲು ಸಾಲು ಓದದೆ ಬಿಡುವುದಿಲ್ಲ. ನನಗೆ ಹನಿ ನೀರು ಕೊಡದ ಆರು ದಿನವೂ ಮೂರು ಹೊತ್ತಿನ ಊಟದ ಲೆಕ್ಕ ಹಾಕಿದ್ದರು. ಬಾಯಾರಿಕೆಯ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. ಸೂಜಿಯ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೌಂಟರಿಗೆ ಹೋಗಿ, ಈ ಊಟ ಉಂಡವರು ಯಾರು ಎಂದು ತೋರಿಸಿ, ಅವರ ಹತ್ತಿರವೇ ದುಡ್ಡು ತೆಗೆದುಕೊಳ್ಳಿ ಎಂದೆ. ಕೌಂಟರಿನ ಹುಡುಗಿ ನಗು ತಡೆದುಕೊಂಡು ಆ ಸಾಲುಗಳನ್ನು ತೆಗೆದುಹಾಕಿದಳು. ಗೆದ್ದೆ ಎಂದುಕೊಂಡೆ.

ಮಧ್ಯಾಹ್ನ ಮೂರಕ್ಕೆ ಅದೇ ಹುಡುಗಿ ನಗದೆ ಕರೆದಳು. ವಿಮಾ ಕಂಪನಿಯ ಉತ್ತರ ಬಂದಿದೆ ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ರೋಗಿಗೆ ಐದು ವರ್ಷದಿಂದ ಇದೇ ತೊಂದರೆಯಿದೆ ಎಂದು ದಾಖಲೆಯಲ್ಲಿದೆ, ಪಾಲಿಸಿಗೆ ಎರಡೇ ವರ್ಷ, ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಪಡೆದಿದ್ದಾರೆ, ಆದ್ದರಿಂದ ಹಣ ಕೊಡಲಾಗದು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎಮರ್ಜೆನ್ಸಿಯ ಆ ಕಾಗದ, ಆ ಎಳೆ ಡಾಕ್ಟರಮ್ಮನ ಪೆನ್ನು ಕಣ್ಣಿಗೆ ಬಂತು. ತಿರುಗಿ ನೋಡಿದೆ. ಅತ್ತೆ ಬೆಂಚಿನ ಮೇಲೆ ಕೂತು ನಮ್ಮ ಚೀಲಗಳಿಗೆ ಹಗ್ಗ ಕಟ್ಟುತ್ತಿದ್ದರು.

ಗಂಡ ಫೋನು ಹಿಡಿದು ಹೊರಗೆ ಹೋದರು. ನನ್ನ ಬಳೆ, ಸರ ಎಲ್ಲ ಬ್ಯಾಂಕಿಗೆ ಹೋದವು, ಅದೂ ಮರುದಿನ. ಅಷ್ಟರವರೆಗೆ ನಾನು ರೋಗಿಯೂ ಅಲ್ಲ, ಗುಣವಾದವಳೂ ಅಲ್ಲ, ಸೂಜಿ ಚುಚ್ಚಿಕೊಂಡು ಕುರ್ಚಿಯಲ್ಲೇ ರಾತ್ರಿ ಕಳೆದೆ. ಸಾಲದೆ ಬಂದದ್ದನ್ನು ಗಂಡನ ಗೆಳೆಯ, ಮಿರ್ಜಾನದ ಮಂಜುನಾಥ ಕೊಟ್ಟ. ದೋಣಿಗೆ ಎಂಜಿನ್ ತೆಗೆಯಲೆಂದು ಇಟ್ಟುಕೊಂಡಿದ್ದ ದುಡ್ಡು. ಎರಡು ತಿಂಗಳಲ್ಲಿ ಹಿಂತಿರುಗಿಸಲು ಆಗದಿದ್ದರೆ ಟೆಂಪೋ ನಿನಗೆ ಎಂದು ಗಂಡನೇ ಮಾತು ಕೊಟ್ಟರು. ಟೆಂಪೋ ಹೋದರೆ ಮನೆ ನಡೆಯುವುದು ನನ್ನ ಟೈಪಿಂಗಿನ ಮೇಲೆ. ಮತ್ತೆ ಆಪರೇಶನ್ನಿಗೆ ಎಲ್ಲಿಂದ? ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಹೊರಡುವ ಮೊದಲು ಖೈರುನ್ನಿಸಾ ನನ್ನ ಕೈಯಲ್ಲಿ ಅವರ ನಂಬರ್ ಇಟ್ಟು, ಕೇಸ್ ಶೀಟಿನ ನಕಲು ತೆಗೆದುಕೊಳ್ಳದೆ ಹೋಗಬೇಡಿ ಎಂದಿದ್ದರು. ಮನೆಯಲ್ಲಿ ಅದನ್ನು ಬಿಡಿಸಿದೆ. ಮೊದಲ ಪುಟದ ಮೂರನೆಯ ಸಾಲಿನಲ್ಲೇ ಇತ್ತು, ಹೊಟ್ಟೆನೋವು ಐದು ವರ್ಷದಿಂದ, ಮನೆಮದ್ದು ಮಾಡಿದೆ, ಮಾಹಿತಿ ಕೊಟ್ಟವರು ಅತ್ತೆ. ಅದನ್ನು ಹಿಡಿದು ಅಡುಗೆಮನೆಗೆ ಹೋದೆ. ಐದು ವರ್ಷ ಎಂದು ಎಂತಕ್ಕೆ ಹೇಳಿದಿರಿ ಎಂದು ಕೇಳಿದೆ. ಅತ್ತೆ ಒಲೆಯ ಕಡೆಗೇ ಮುಖ ಮಾಡಿ, ಹೇಳಿದ್ದು ನೆನಪಿಲ್ಲ ಎಂದರು. ನನ್ನ ಬಾಯಿ ಹತೋಟಿ ತಪ್ಪಿತು.

“ಹದಿನಾಕು ವರ್ಷ ಆತು ನಾನು ಈ ಮನೆಗೆ ಬಂದು. ಒಂದು ಚಮಚ ಕಷಾಯ ಕೊಟ್ಟ ದಿನ ಯಾವ್ದು, ಹೇಳಿ ನೋಡ್ವ.”

ಮರುದಿನ ಬೆಳಿಗ್ಗೆ ಅತ್ತೆ ಸೀರೆಯ ಗಂಟು ಕಟ್ಟಿಕೊಂಡು ಕರ್ಕಿಯ ತಮ್ಮನ ಮನೆಗೆ ಹೊರಟುಹೋದರು. ಗಂಡ ತಾಯಿಯನ್ನೂ ತಡೆಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಟೆಂಪೋ ತೊಳೆಯುತ್ತಾ ನಿಂತರು. ಬೇಜಾರಾದಾಗ ಅವರು ಮಾಡುವುದು ಅದೊಂದೇ ಕೆಲಸ.

ನಾನು ಅರ್ಜಿ ಬರೆಯುವವಳಲ್ಲವೆ, ಬರೆದೆ. ವಿಮಾ ಕಂಪನಿಗೆ ಮೂರು ಪತ್ರ, ಮೂರಕ್ಕೂ ಒಂದೇ ಉತ್ತರ. ಫೋನು ಮಾಡಿದರೆ ಹಾಡು ಕೇಳಿಸುತ್ತಿತ್ತು, ಹಾಡು ಮುಗಿದ ಮೇಲೆ ಯಾರೋ ಇನ್ನೊಂದು ನಂಬರಿಗೆ ಮಾಡಿ ಎನ್ನುತ್ತಿದ್ದರು. ಇತ್ತ ನಾನು ಎಣ್ಣೆಯ ವಾಸನೆಗೆ ಹೆದರಿ ಅನ್ನ, ಬೇಯಿಸಿದ ತರಕಾರಿ ಬಿಟ್ಟು ಬೇರೆ ತಿನ್ನುತ್ತಿರಲಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಚುಳುಕ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಮಗಳು ರಾತ್ರಿ ಎದ್ದೆದ್ದು ಬಂದು ನನ್ನ ಉಸಿರು ನೋಡಿ ಹೋಗುವುದು ಗೊತ್ತಾಗುತ್ತಿತ್ತು. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ.

ಕೊನೆಗೆ ಖೈರುನ್ನಿಸಾಗೆ ಫೋನು ಮಾಡಿದೆ. ಅವರು ಅಕ್ಕನನ್ನು ಕರೆದುಕೊಂಡು ಆಸ್ಪತ್ರೆ ಸುತ್ತಿ ಸುತ್ತಿ ಅರ್ಧ ವಕೀಲರಾಗಿದ್ದರು. ಕಂಪನಿಗೆ ಬರೆದು ಪ್ರಯೋಜನವಿಲ್ಲ, ಬರೆದದ್ದು ಡಾಕ್ಟರು, ಸರಿಪಡಿಸಿ ಕೊಡಬೇಕಾದವರೂ ಅವರೇ, ಅಲ್ಲಿಗೇ ಹೋಗಿ ಎಂದರು. ಹೋದೆವು. ದೊಡ್ಡ ಡಾಕ್ಟರು ಸಮಾಧಾನದಿಂದ ಕೇಳಿಸಿಕೊಂಡರು. ಸ್ಕ್ಯಾನ್ ನೋಡಿದರೆ ಹಳೆಯ ಕಾಯಿಲೆಯ ಗುರುತು ಯಾವುದೂ ಕಾಣುವುದಿಲ್ಲ ಎಂದೂ ಒಪ್ಪಿದರು. ಆದರೆ ಡ್ಯೂಟಿ ಡಾಕ್ಟರು ಮನಸ್ಸಿಗೆ ಬಂದದ್ದನ್ನು ಬರೆದದ್ದಲ್ಲ, ಹೇಳಿದ್ದನ್ನು ಬರೆದದ್ದು, ಹೇಳಿದವರೇ ಬಂದು ತಪ್ಪು ಹೇಳಿದ್ದೆ ಎಂದು ಬರೆದುಕೊಟ್ಟರೆ ಮಾತ್ರ ನಾನು ಪತ್ರ ಕೊಡಬಹುದು ಎಂದರು. ಅಂದರೆ ಎಲ್ಲವೂ ಕರ್ಕಿಗೆ ಹೋಗಿ ನಿಂತಿತು.

ಗಂಡ ಎರಡು ಸಲ ಕರ್ಕಿಗೆ ಹೋಗಿ ಬಂದರು. ನನ್ನ ಆರೋಗ್ಯ ಹೇಗಿದೆ ಎಂದು ಅತ್ತೆ ಕೇಳಿದರಂತೆ, ಈರುಳ್ಳಿ ಕಿತ್ತಾಯಿತೇ ಎಂದು ಕೇಳಿದರಂತೆ, ಆ ವಿಷಯ ಎತ್ತಿದರೆ ಎದ್ದು ಒಳಗೆ ಹೋದರಂತೆ. ನಾನೇ ಹೋಗಬಹುದಿತ್ತು. ಹೋಗಲಿಲ್ಲ. ಬೇಕಾದರೆ ಸತ್ತೇ ಹೋಗುತ್ತೇನೆ, ಅವರ ಕಾಲು ಹಿಡಿಯುವುದಿಲ್ಲ ಎಂಬ ಸೊಕ್ಕು ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದೂವರೆ ತಿಂಗಳು ಕಳೆಯಿತು. ಒಂದು ಭಾನುವಾರ ಅತ್ತೆ ಹೇಳದೆ ಕೇಳದೆ ಬಂದರು. ಒಣಗಿದ ಈರುಳ್ಳಿಯ ದಂಟು ಸೇರಿಸಿ ಜಡೆ ಹೆಣೆಯಬೇಕು, ಅದನ್ನು ತಮ್ಮಷ್ಟು ಚೆನ್ನಾಗಿ ಯಾರೂ ಹೆಣೆಯುವುದಿಲ್ಲ ಎಂಬುದು ಅವರ ನಂಬಿಕೆ, ಅದು ನಿಜವೂ ಹೌದು. ಜಗಲಿಯಲ್ಲಿ ಕೂತು ಹೆಣೆಯುತ್ತಿದ್ದಾಗ ಮಿರ್ಜಾನದ ಮಂಜುನಾಥ ಬಂದ. ಪಾಪ, ಅವನಿಗೂ ಸಂಕೋಚ. ಸುಮ್ಮನೆ ಈ ಕಡೆ ಬಂದಿದ್ದೆ ಎಂದ. ಚಹಾ ಕುಡಿದ. ಆಮೇಲೆ ಟೆಂಪೋ ಸುತ್ತ ಎರಡು ಸುತ್ತು ಬಂದ, ಟೈರು ನೋಡಿದ, ಬಾಗಿಲು ತೆರೆದು ಮುಚ್ಚಿದ. ಗಂಡ ತಾವಾಗಿಯೇ ಬೀಗದ ಕೈ ಕೊಟ್ಟು, ಓಡಿಸಿ ನೋಡು ಎಂದರು. ಅತ್ತೆಯ ಕೈ ಜಡೆಯ ಮೇಲೆ ನಿಂತಿತು. ಟೆಂಪೋ ರಸ್ತೆ ತಿರುಗಿ ಕಣ್ಮರೆಯಾಗಿ ಮತ್ತೆ ವಾಪಸ್ ಬರುವವರೆಗೂ ಅವರು ಆ ಕಡೆಯೇ ನೋಡುತ್ತಿದ್ದರು.

ಮರುದಿನ ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ತಲೆ ಎತ್ತಿದರೆ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಈರುಳ್ಳಿ ಮಾರಿ ಬಂದಿದ್ದರು, ಖಾಲಿ ಬುಟ್ಟಿ ಮಡಿಲಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ಮೇಲೆ ಅವರು ಅಂಗಡಿಗೆ ಬಂದದ್ದು ಅದೇ ಮೊದಲು. ಡಾಕ್ಟರಿಗೆ ಎಂತ ಬರೆಯಬೇಕೋ ಬರಿ, ಸಹಿ ಹಾಕುತ್ತೇನೆ ಎಂದರು.

ನಿಜ ಹೇಳುತ್ತೇನೆ, ಆ ಕಾಗದವನ್ನು ನಾನು ಮೊದಲೇ ಟೈಪ್ ಮಾಡಿ ಇಟ್ಟುಕೊಂಡಿದ್ದೆ. ಅವರಿಗೂ ಅವಮಾನ ಬೇಡ, ನನಗೂ ಕೆಲಸ ಆಗಲಿ ಎಂದು ಹದವಾಗಿ ಬರೆದಿದ್ದೆ. ‘ನನಗೆ ವಯಸ್ಸಾಗಿದ್ದು ನೆನಪಿನ ಶಕ್ತಿ ಕುಂದಿರುವುದರಿಂದ ತಪ್ಪು ಮಾಹಿತಿ ನೀಡಿರುತ್ತೇನೆ’ ಎಂದು. ಅವರು ಶಾಲೆಯಲ್ಲಿ ಓದಿದ್ದು ಮೂರನೆಯ ಇಯತ್ತೆಯವರೆಗೆ. ಓದಿಸದೆ ಸಹಿ ಹಾಕಿಸಬಹುದಿತ್ತು, ಹಾಕಿಸಲೇಬೇಕು ಎಂದೂ ಒಂದು ಕ್ಷಣ ಅನಿಸಿತು. ಆಗಲಿಲ್ಲ. ಓದಿ ಹೇಳಿದೆ.

“ನಂಗೆ ನೆನಪು ಸಮಾ ಇದೆ,” ಎಂದರು ಅತ್ತೆ. “ಮರ್ತು ಹೇಳಿದ್ದಲ್ಲ. ಸುಳ್ಳು ಹೇಳಿದೆ ಅಂತ ಬರಿ.”

ಹಾಗೆಲ್ಲ ಬರೆಯುವುದು ಬೇಡ, ಇಷ್ಟು ಸಾಕು ಎಂದೆ. ಅವರು ಬುಟ್ಟಿಯ ಅಂಚನ್ನು ಹಿಡಿದುಕೊಂಡು, ನನ್ನನ್ನು ನೋಡದೆ, ಕಂಪ್ಯೂಟರಿನ ಬೆನ್ನಿಗೆ ಹೇಳುವ ಹಾಗೆ ಮಾತಾಡಿದರು.

“ಐದು ವರ್ಷದ ಹಿಂದೆ ನಿನ್ನ ಹೊಟ್ಟೇಲಿದ್ದ ಎರಡನೇದು ಹೋತಲ್ಲ. ನೀನು ಮೂರು ದಿನ ಕುಮಟಾ ಆಸ್ಪತ್ರೇಲಿ ಇದ್ದೆ. ನಾನು ಬರ್ಲಿಲ್ಲ. ಕೊಯ್ಲು ಅಂದೆ. ಕೊಯ್ಲೆಲ್ಲ ನೆವ, ಆ ರಕ್ತ ನೋಡೂಕೆ ನಂಗೆ ಹೆದ್ರಿಕೆ ಆಗಿತ್ತು. ಕೇರಿಯವ್ರೆಲ್ಲ ಆಡ್ಕಂಡ್ರು. ಅಂದಿಂದ ಕಂಡಕಂಡವ್ರಿಗೆ ನಾನೇ ನೋಡ್ಕಂತೆ, ನಾನೇ ನೋಡ್ಕಂತೆ ಅಂತ ಹೇಳ್ಕಂಡು ಬಂದೆ. ಡಾಕ್ಟ್ರಿಗೂ ಹೇಳ್ದೆ.”

ಆ ಮೂರು ದಿನ ನಾನು ಬಾಗಿಲು ನೋಡುತ್ತಾ ಮಲಗಿದ್ದೆ. ಯಾರ ಹತ್ತಿರವೂ ಹೇಳಿರಲಿಲ್ಲ, ಗಂಡನ ಹತ್ತಿರವೂ. ಅಂಬುಲೆನ್ಸಿಗೆ ಅವರು ಹತ್ತಿದಾಗ ನನಗೆ ಆಶ್ಚರ್ಯವಾದದ್ದು ಅದಕ್ಕೇ. ಐದು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಅದು ಇಬ್ಬರ ಒಳಗೂ ಆ ಮೂರು ದಿನದಿಂದಲೇ ಎಣಿಕೆಯಾಗುತ್ತಿತ್ತು ಎಂದು ಅವತ್ತು ತಿಳಿಯಿತು. ಅಳು ಬಂತು. ಜೆರಾಕ್ಸಿಗೆ ಬಂದವರು ನೋಡುತ್ತಿದ್ದರು, ನೋಡಲಿ ಎಂದು ಅತ್ತುಬಿಟ್ಟೆ.

ಆಮೇಲೆ ಕಣ್ಣೊರೆಸಿಕೊಂಡು ಹಳೆಯದನ್ನು ಅಳಿಸಿ ಹೊಸದಾಗಿ ಹೊಡೆದೆ. ‘ವಿನಂತಿಸಿಕೊಳ್ಳುವುದೇನೆಂದರೆ’ ಹಾಕಲಿಲ್ಲ. ನನ್ನ ಸೊಸೆಗೆ ಮೊದಲು ಹೊಟ್ಟೆನೋವು ಇರಲಿಲ್ಲ. ನಾನು ಅವಳಿಗೆ ಯಾವತ್ತೂ ಕಷಾಯ ಕೊಟ್ಟಿಲ್ಲ. ಚೆನ್ನಾಗಿ ನೋಡಿಕೊಂಡೆ ಎಂದು ಅನಿಸಿಕೊಳ್ಳಲು ಸುಳ್ಳು ಹೇಳಿದೆ. ಅಷ್ಟೇ. ಇಷ್ಟು ಚಿಕ್ಕ ಅರ್ಜಿಯನ್ನು ನಾನು ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ.

ಎರಡು ದಿನ ಬಿಟ್ಟು ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಗದ ಓದಿ ಅತ್ತೆಯ ಮುಖ ನೋಡಿದರು. ಆಸ್ಪತ್ರೆಯ ನಿಯಮದಂತೆ ಸಾಕ್ಷಿಯ ಎದುರು ಓದಿ ಹೇಳಬೇಕು ಎಂದು ವಾರ್ಡಿನ ನರ್ಸನ್ನು ಕರೆಸಿದರು. ಅದೇ ನರ್ಸು. ವಾರ್ಡಿನಲ್ಲಿದ್ದಷ್ಟು ದಿನ ಅತ್ತೆಯ ಕಷಾಯದ ಕಥೆ ಕೇಳಿ ಮೆಚ್ಚಿಕೊಂಡವಳು. ಒಂದೊಂದು ವಾಕ್ಯ ಓದಿದಾಗಲೂ ಅತ್ತೆ ಹೌದು ಎಂದರು. ಕಷಾಯದ ವಾಕ್ಯಕ್ಕೆ ತಲೆ ಮಾತ್ರ ಆಡಿಸಿದರು. ನಾನು ಅವರ ಕೈ ಹಿಡಿಯಬೇಕು ಎಂದುಕೊಂಡೆ, ಧೈರ್ಯ ಸಾಲಲಿಲ್ಲ. ಸಹಿ ಹಾಕುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿದರು.

ಡಾಕ್ಟರ ಪತ್ರ ಕಂಪನಿಗೆ ಹೋಯಿತು. ಕಾಯುವುದು ಶುರುವಾಯಿತು. ಮಂಜುನಾಥನ ಎರಡು ತಿಂಗಳಿಗೆ ಹದಿಮೂರು ದಿನ, ಒಂಬತ್ತು, ಆರು. ನನ್ನ ಆಪರೇಶನ್ನಿನ ಗಡುವೂ ಅದೇ ಲೆಕ್ಕ. ಫೋನು ಕೂಗಿದರೆ ಮೂವರೂ ಎದ್ದು ನಿಲ್ಲುತ್ತಿದ್ದೆವು. ನಾಲ್ಕು ದಿನ ಉಳಿದಿದ್ದಾಗ ಅಂಗಡಿಯಲ್ಲಿ ನನ್ನ ಮೊಬೈಲಿಗೆ ಮೆಸೇಜು ಬಂತು. ಕೈಗವಸು, ಹತ್ತಿ, ಅಂಥವುಗಳ ದುಡ್ಡು ಹಿಡಿದುಕೊಂಡು ಉಳಿದದ್ದಕ್ಕೆ ಮಂಜೂರಾತಿ. ಮೂರು ಸಲ ಓದಿ ಗಂಡನಿಗೆ ಫೋನು ಮಾಡಿದೆ. ಅವರು, ಆತು, ಹಾಂಗಾದ್ರೆ ಟೈರು ಹಾಕ್ಸುವ ಎಂದರು. ಮಂಜುನಾಥನ ದೋಣಿಗೆ ಎಂಜಿನ್ನೂ ಬಂತು.

ಆಪರೇಶನ್ನಿಗೆ ಹೋದದ್ದು ಅದರ ಮುಂದಿನ ವಾರ. ದಾರಿಯಲ್ಲಿ ಭಟ್ಕಳದಲ್ಲಿ ಇಳಿದು ಖೈರುನ್ನಿಸಾ ಅವರ ಮನೆಗೆ ಎರಡು ಜಡೆ ಈರುಳ್ಳಿ ಕೊಟ್ಟೆವು, ಅತ್ತೆಯೇ ಹೆಣೆದದ್ದು. ಅದೇ ರಸ್ತೆ, ಈ ಸಲ ಟೆಂಪೋದಲ್ಲಿ, ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು. ಹೆದರಿಕೆ ಮಾತ್ರ ಹಾಗೇ ಇತ್ತು. ಹೊಟ್ಟೆ ಕೊಯ್ಯಿಸಿಕೊಳ್ಳಲು ಹೋಗುವವರಿಗೆ ಹೆದರಿಕೆ ಇರಬಾರದು ಎಂದು ಹೇಳುವವರ ಹತ್ತಿರ ನನಗೆ ಮಾತಿಲ್ಲ.

ಭರ್ತಿ ಮಾಡಿಕೊಳ್ಳುವ ಕೋಣೆಯಲ್ಲಿ ಬೇರೆ ಡ್ಯೂಟಿ ಡಾಕ್ಟರು, ಕನ್ನಡಕ ಹಾಕಿದ ಹುಡುಗ. ಗಂಡ ಕೌಂಟರಿನಲ್ಲಿದ್ದರು. ನಾನು ಮಂಚದ ಮೇಲೆ, ಅತ್ತೆ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ನನ್ನ ಬಟ್ಟೆಯ ಚೀಲ. ಹುಡುಗ ಕಾಗದ ತೆಗೆದು, ಪೆನ್ನು ಕೊಡವಿ, ದೊಡ್ಡವರು ಎಂದು ಅತ್ತೆಯ ಕಡೆಗೇ ತಿರುಗಿದ.

“ಇವರಿಗೆ ತೊಂದರೆ ಯಾವಾಗಿನಿಂದ ಅಮ್ಮಾ?”

ಅತ್ತೆ ಬಾಯಿ ತೆರೆದರು. ಅವರು ಹಾಗೇ ಮುಚ್ಚಿ, ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡು, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

“ಅವ್ಳ ಹೊಟ್ಟೆ,” ಎಂದರು. “ಅವ್ಳನ್ನೇ ಕೇಳಿ.”